ಬೆಕ್ಕು ಕಾರಿದರೆ ಎಷ್ಟು ಹೊತ್ತು ಕಾಯಬಹುದು?

ಬೆಕ್ಕು ಸಾಕಿದ ಮಕ್ಕಳೇ, ಜಗಲಿಯಲ್ಲಿ ಅದು ಒಮ್ಮೆ ಕಾರಿತೆಂದು ಗಾಬರಿಯಾಗಬೇಡಿ. ಮೈ ನೆಕ್ಕುವಾಗ ನುಂಗಿದ ಕೂದಲು ಉಂಡೆಗಟ್ಟಿ ಹೊರಬೀಳುತ್ತದೆ. ಪಕ್ಕದ ಮನೆ ಬೆಕ್ಕು ಕಸಿದೀತೆಂದು ಬಂಗುಡೆ ತಲೆಯನ್ನು ಗಬಗಬ ನುಂಗಿದರೂ ಕಾರುತ್ತದೆ. ಆಮೇಲೆ ಎಂದಿನಂತೆ ಓಡಾಡಿ, ತಿಂದರೆ ಚಿಂತೆಯಿಲ್ಲ. ಆದರೆ ವಾರವಾರವೂ ಕಾರುತ್ತಾ ಮೈ ಇಳಿಯುತ್ತಿದ್ದರೆ ‘ಬೆಕ್ಕಲ್ದಾ, ಕಾರುತ್ತೆ’ ಎಂದು ಬಿಡಬೇಡಿ. ಜಂತುಹುಳ ಇರಬಹುದು, ಮುದಿಬೆಕ್ಕಾದರೆ ಮೂತ್ರಪಿಂಡ ಸೋತಿರಬಹುದು.

ಕುಂದಾಪುರ, ಬೈಂದೂರಿನ ಕಡಲಬದಿಯವರಿಗೆ ನಾನು ಒತ್ತಿ ಹೇಳುವುದು ನೂಲಿನ ವಿಷಯ. ಬಲೆಯ ತುಂಡಿಗೆ, ಗಾಳದ ದಾರಕ್ಕೆ ಮೀನಿನ ವಾಸನೆ ಅಂಟಿರುತ್ತದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಉಳಿದದ್ದು ಒಳಗಿಳಿದರೆ ಕರುಳು ನೆರಿಗೆಗಟ್ಟುತ್ತದೆ, ದಾರ ಅದನ್ನು ಕೊಯ್ಯಲೂಬಹುದು. ಬಾಯಲ್ಲಿ ಅಥವಾ ಗುದದಲ್ಲಿ ದಾರ ಕಂಡರೆ ಎಳೆಯಲೇ ಬೇಡಿ. ಇದ್ದಂತೆಯೇ ವೈದ್ಯರಲ್ಲಿಗೆ ಒಯ್ಯಿರಿ.

ಬ್ರಹ್ಮಾವರದ ಗದ್ದೆ-ತೋಟದ ಮನೆಗಳಲ್ಲಿ ಇಲಿಪಾಷಾಣದ ಭಯವೂ ಇದೆ. ವಿಷದ ಗುಮಾನಿ ಬಂದರೆ ಉಪ್ಪುನೀರು ಕುಡಿಸಿ ಕಾರಿಸಲು ಹೋಗಬೇಡಿ. ಪಾಷಾಣದ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಓಡಿ. ನಮ್ಮ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಅರ್ಧ ಕೊಟ್ಟರೂ ಬೆಕ್ಕಿನ ಜೀವಕ್ಕೆ ಅಪಾಯ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ.

ಒಂದೇ ದಿನ ಮೂರ್ನಾಲ್ಕು ಸಲ ಕಾರಿದರೆ, ಕುಡಿದ ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ಮಂಚದಡಿ ಸೇರಿ ಮಂಕಾಗಿ ಕೂತರೆ ಅದೇ ದಿನ ತೋರಿಸಿ. 24 ಗಂಟೆ ಏನೂ ತಿನ್ನದಿದ್ದರೂ ಹಾಗೆಯೇ. ದಢೂತಿ ಬೆಕ್ಕು ಕೆಲವೇ ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಗಂಡುಬೆಕ್ಕು ಕಾರುವುದರ ಜೊತೆಗೆ ಹೊಯ್ಗೆಯಲ್ಲಿ ಕೂತು ಮುಕ್ಕರಿಯುತ್ತಾ ಹನಿ ಮೂತ್ರವೂ ಬರದಿದ್ದರೆ ರಾತ್ರಿ ಕಳೆಯಲಿ ಎನ್ನಬೇಡಿ, ಮೂತ್ರದ ದಾರಿ ಕಟ್ಟಿರುತ್ತದೆ. ಮರಿಗಳದ್ದು ಇನ್ನೂ ಸೂಕ್ಷ್ಮ. ಪ್ಯಾನ್‌ಲ್ಯುಕೊಪೀನಿಯಾ ಎಂಬ ವೈರಸ್ ರೋಗ ವಾಂತಿ-ಭೇದಿ ಹಿಡಿಸಿ ಒಂದೆರಡು ದಿನದಲ್ಲೇ ಮರಿಯನ್ನು ಕೊಂಡೊಯ್ಯಬಲ್ಲದು. ಅದಕ್ಕೆ ಲಸಿಕೆ ಇದೆ; ಮರಿಗೆ 8 ವಾರವಾಗುವಾಗ ವೈದ್ಯರನ್ನು ಕೇಳಿ ಹಾಕಿಸಿ.

ಹೋಗುವಾಗ ಕಾರಿದ್ದರ ಫೋಟೋ ತೆಗೆದುಕೊಳ್ಳಿ. ಯಾವಾಗ ಏನು ತಿಂದಿತ್ತೆಂದು ನೆನಪಿಟ್ಟುಕೊಂಡರೆ ವೈದ್ಯರಿಗೆ ಅರ್ಧ ಕೆಲಸ ಹಗುರ. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಮುಚ್ಚಿ ಒಯ್ಯಿರಿ, ಬಸ್‌ ಸದ್ದಿಗೆ ಬೆದರಿ ಹಾರೀತು. ಹತ್ತಿರದ ಪಶು ಆಸ್ಪತ್ರೆಯ ನಂಬರು, ರಜಾದಿನದಲ್ಲೂ ನೋಡುವ ವೈದ್ಯರ ನಂಬರು ಎರಡನ್ನೂ ಇವತ್ತೇ ಕೇಳಿ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.