ಧರ್ಮ ಓದಲು ಹೊರಟವರು ವಿಶ್ವವಿದ್ಯಾಲಯಕ್ಕಿಂತ ಮೊದಲು ಭಾಷೆ ಆರಿಸಿ

ಪದವಿ ಮುಗಿಸಿ, ಧರ್ಮವನ್ನೇ ವಿಷಯವಾಗಿ ಓದುತ್ತೇನೆ ಎನ್ನುವ ವಿದ್ಯಾರ್ಥಿಗೆ ಮನೆಯಲ್ಲಿ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಪೂಜಾರಿ ಆಗ್ತೀಯೇನಪ್ಪಾ?’ ಅರ್ಚಕರನ್ನು ತಯಾರು ಮಾಡಲು ಪಾಠಶಾಲೆಗಳಿವೆ, ಪಾದ್ರಿಗಳಿಗೆ ಸೆಮಿನರಿ, ಮೌಲ್ವಿಗಳಿಗೆ ಮದರಸಾ. ಜನ ಏನು ನಂಬಿದರು, ಹೇಗೆ ಆಚರಿಸಿದರು, ಅದೆಲ್ಲ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಯಿತು ಎಂಬುದು ವಿಶ್ವವಿದ್ಯಾಲಯದ ಪಾಠ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಅಧ್ಯಯನ ಅದರಿಂದ ಬೇರೆ ಎಂಬುದನ್ನು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಒಪ್ಪಿದೆ. ಭಕ್ತರೂ ಓದಬಹುದು, ನಾಸ್ತಿಕರೂ ಓದಬಹುದು.

ಮೊದಲ ಹೆಜ್ಜೆ, ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳುವುದು. ಎಲ್ಲ ಧರ್ಮಗಳ ಸಾರ ತಿಳಿಯಬೇಕೆಂಬ ಆಸೆ ಒಳ್ಳೆಯದೇ, ಆದರೆ ಅದರಿಂದ ಸಂಶೋಧನೆ ಹುಟ್ಟುವುದಿಲ್ಲ. ನಮ್ಮೂರ ಉರುಸಿನಲ್ಲಿ ಹಿಂದೂ ಮನೆತನದವರು ಸಕ್ಕರೆ ಓದಿಸುವುದೇಕೆ ಎಂಬಂಥ ಪ್ರಶ್ನೆ ಹುಡುಕಿ.

ಎರಡನೆಯದು ಭಾಷೆ. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಇದೇ ಮುಖ್ಯ. ಆರಂಭದ ಬೌದ್ಧ ಧರ್ಮಕ್ಕೆ ಪಾಲಿ ಬೇಕು, ಜೈನ ಆಗಮಗಳಿಗೆ ಪ್ರಾಕೃತ, ಬಿಜಾಪುರದ ಸೂಫಿಗಳನ್ನು ಅರಿಯಲು ಪಾರ್ಸಿ ಮತ್ತು ದಖನಿ. ಕನ್ನಡ ಬಲ್ಲವರ ಕೈಯಲ್ಲಂತೂ ಈಗಾಗಲೇ ದೊಡ್ಡ ಬಂಡವಾಳವಿದೆ: ವಚನಗಳು, ದಾಸರ ಪದಗಳು, ವಡ್ಡಾರಾಧನೆಯ ಜೈನ ಕಥೆಗಳು, ಶ್ರವಣಬೆಳಗೊಳದ ನೂರಾರು ಶಾಸನಗಳು. ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಮೈಸೂರಿನ ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಪ್ರಕಟಿಸಿದ ಮೇಲೆ ಹೊರದೇಶದ ವಿದ್ಯಾರ್ಥಿಗಳೂ ಬಸವಣ್ಣ, ಅಕ್ಕಮಹಾದೇವಿಯರನ್ನು ಓದತೊಡಗಿದರು. ಅವರು ಅನುವಾದದಲ್ಲಿ ಓದುವುದನ್ನು ನೀವು ಮೂಲದಲ್ಲೇ ಓದಬಲ್ಲಿರಿ. ಹಳಗನ್ನಡ ತೊಡಕೆನಿಸಿದರೆ ಪದವಿಯಲ್ಲಿರುವಾಗಲೇ ಯಾರಾದರೂ ಕನ್ನಡ ಮೇಷ್ಟ್ರ ಬಳಿ ಕುಳಿತು ಕಲಿಯಿರಿ. ಎಂ.ಎ. ಸೇರಿದ ಮೇಲೆ ಅದಕ್ಕೆ ಪುರುಸೊತ್ತು ಸಿಗುವುದು ಕಷ್ಟ.

ವಿಶ್ವವಿದ್ಯಾಲಯದ ಆಯ್ಕೆ ಆಮೇಲೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ, ಕ್ರೈಸ್ತಧರ್ಮ ಅಧ್ಯಯನಕ್ಕೂ ವಿಭಾಗವಿದೆ. ಹಲವು ಧರ್ಮಗಳನ್ನು ಒಟ್ಟಿಗೆ ಓದುವವರು ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ, ಶಾಂತಿನಿಕೇತನದ ವಿಶ್ವಭಾರತಿ, ರಾಜಗೀರ್‌ನ ನಳಂದ ವಿಶ್ವವಿದ್ಯಾಲಯಗಳನ್ನು ಪರಿಶೀಲಿಸಬಹುದು. ನಿಮಗೆ ಬೇಕಾದ ಭಾಷೆ ಕಲಿಸುವ ಅಧ್ಯಾಪಕರು ಅಲ್ಲಿದ್ದಾರೆಯೇ ಎಂದು ನೇರವಾಗಿ ಬರೆದು ಕೇಳಿ.

ಸೇರಿದ ಮೇಲೆ ಗ್ರಂಥಾಲಯದಲ್ಲೇ ಕೂರಬೇಡಿ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಕೊಡಗಿನ ಕ್ಷೇತ್ರಕಾರ್ಯವೇ ಆಧಾರ. ಜಾತ್ರೆ, ದರ್ಗಾ, ಬಸದಿ, ಚರ್ಚು, ಎಲ್ಲಿಗೆ ಹೋದರೂ ಅಲ್ಲಿನ ಹಿರಿಯರ ಒಪ್ಪಿಗೆ ಪಡೆಯಿರಿ. ಕೇಳದೆ ಫೋನಿನ ರೆಕಾರ್ಡಿಂಗ್ ಒತ್ತಬೇಡಿ. ಕಂಡದ್ದನ್ನು ಒಂದು ಪುಟದಲ್ಲಿ, ನಿಮಗೆ ಅನಿಸಿದ್ದನ್ನು ಇನ್ನೊಂದರಲ್ಲಿ ಬರೆದಿಡಿ. ಸ್ವಂತ ಧರ್ಮವನ್ನು ಓದುವವರಿಗೆ ಈ ಅಭ್ಯಾಸ ಇನ್ನೂ ಅಗತ್ಯ, ಏಕೆಂದರೆ ಅಲ್ಲಿ ಎಲ್ಲವೂ ಗೊತ್ತಿರುವಂತೆಯೇ ತೋರುತ್ತದೆ.

ಉದ್ಯೋಗದ ಮಾತು. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ತೌಲನಿಕ ಧರ್ಮ ಅಧ್ಯಯನ ಪ್ರತ್ಯೇಕ ವಿಷಯ; ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನಕ್ಕೆ ಬೇರೆಯೇ ಪತ್ರಿಕೆಯಿದೆ. ಅಧ್ಯಾಪಕ ಹುದ್ದೆಗಳು ಕಡಿಮೆ, ಅದನ್ನು ತಿಳಿದೇ ಸೇರಿ. ಕಲಿತ ಭಾಷೆ ಪತ್ರಾಗಾರ, ವಸ್ತುಸಂಗ್ರಹಾಲಯ, ಅನುವಾದ, ಪತ್ರಿಕೋದ್ಯಮಗಳಲ್ಲೂ ಉಪಯೋಗಕ್ಕೆ ಬರುತ್ತದೆ.

ಅರ್ಜಿ ಹಾಕುವ ಮುನ್ನ ಪಠ್ಯಕ್ರಮವನ್ನು ಪೂರ್ತಿ ಓದಿ. ಅದರಲ್ಲಿ ಒಂದೇ ಧರ್ಮದ ಗುಣಗಾನವೋ ಇನ್ನೊಂದರ ನಿಂದೆಯೋ ಕಂಡರೆ ಅಲ್ಲಿಗೆ ಸೇರಬೇಡಿ.