ಮಗುವಿನ ಹೆಸರು ಎತ್ತಬಹುದು

‘ರ‍್ಯಾಬಿಟ್ ಹೋಲ್’ ಸಿನಿಮಾ ಶುರುವಾಗುವ ಹೊತ್ತಿಗೆ ನಾಲ್ಕು ವರ್ಷದ ಡ್ಯಾನಿ ಸತ್ತು ಎಂಟು ತಿಂಗಳಾಗಿದೆ. ನಾಯಿಯ ಹಿಂದೆ ರಸ್ತೆಗೆ ಓಡಿದವನು ಕಾರಿಗೆ ಸಿಕ್ಕಿದ್ದ. ಈಗ ನೆಂಟರಿಷ್ಟರು ಅವರವರ ಬದುಕಿಗೆ ಮರಳಿದ್ದಾರೆ. ಅಮ್ಮ ಬೆಕ್ಕಾಳ ದಿನಗಳು ಮಾತ್ರ ಮುಂದೆ ಸಾಗುತ್ತಿಲ್ಲ. 2007ರಲ್ಲಿ ಪುಲಿಟ್ಜರ್ ಪಡೆದ ತಮ್ಮ ನಾಟಕವನ್ನು ಡೇವಿಡ್ ಲಿಂಡ್ಸೆ-ಅಬೇರ್ ತಾವೇ ಚಿತ್ರಕಥೆಯಾಗಿಸಿದರು. ಜಾನ್ ಕ್ಯಾಮೆರಾನ್ ಮಿಚೆಲ್ ನಿರ್ದೇಶಿಸಿದ ಚಿತ್ರ 2010ರಲ್ಲಿ ಬಂತು. ಬೆಕ್ಕಾ ಪಾತ್ರಕ್ಕಾಗಿ ನಿಕೋಲ್ ಕಿಡ್ಮನ್ ಹೆಸರು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ನನ್ನ ಅಕ್ಕ ಹತ್ತು ವರ್ಷದ ಮಗನನ್ನು ಜ್ವರದಲ್ಲಿ ಕಳೆದುಕೊಂಡವಳು. ಅವಳ ಪಕ್ಕದಲ್ಲಿದ್ದು ತಿಳಿದುಕೊಂಡದ್ದನ್ನೇ ಈ ಚಿತ್ರ ಇನ್ನಷ್ಟು ಸ್ಪಷ್ಟಮಾಡಿತು.

ಒಂದೇ ಮನೆಯ ದುಃಖ ಇಬ್ಬರಲ್ಲಿ ಒಂದೇ ರೀತಿ ಇರುವುದಿಲ್ಲ. ಬೆಕ್ಕಾ ಮಗನ ಬಟ್ಟೆಗಳನ್ನು ಕೊಟ್ಟುಬಿಡುತ್ತಾಳೆ, ಮನೆಯನ್ನೇ ಮಾರೋಣ ಎನ್ನುತ್ತಾಳೆ. ಗಂಡ ಹೋವಿ ಫೋನಿನಲ್ಲಿರುವ ಮಗನ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಾನೆ. ನಮ್ಮಲ್ಲಿ ಇದು ತಿರುಗುಮುರುಗು. ಭಾವ ಸೈಕಲ್ಲನ್ನು ಕಣ್ಣೆದುರಿನಿಂದ ಸಾಗಿಹಾಕಿದರು, ಅಕ್ಕ ಸ್ಕೂಲ್ ಬ್ಯಾಗನ್ನು ಯಾರಿಗೂ ಮುಟ್ಟಗೊಡಲಿಲ್ಲ. ಇದರಲ್ಲಿ ಯಾರ ಪ್ರೀತಿ ಹೆಚ್ಚೆಂದು ಅಳೆಯಲು ಹೊರಟವರೇ ಇಬ್ಬರನ್ನೂ ನೋಯಿಸಿದರು.

ಕಾರಣ ಹೇಳುವವರೂ ನೋಯಿಸುತ್ತಾರೆ. ಮಕ್ಕಳನ್ನು ಕಳೆದುಕೊಂಡವರ ಸಭೆಯಲ್ಲಿ ಒಂದು ದಂಪತಿ, ದೇವರಿಗೆ ಇನ್ನೊಬ್ಬ ದೇವದೂತ ಬೇಕಿತ್ತು ಎಂದಾಗ ಬೆಕ್ಕಾ ಸಿಡಿದೇಳುತ್ತಾಳೆ. ‘ಋಣ ಅಷ್ಟೇ ಇತ್ತಮ್ಮ’ ಎಂದವರ ಎದುರಿನಿಂದ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಆದರೆ ಹೂ ಮಾರುವಾಕೆ ಬಂದು, ‘ನನ್ನ ಬುಟ್ಟಿಯಿಂದ ಒಂದು ಗುಲಾಬಿ ಎತ್ಕೊಂಡು ಓಡ್ತಿದ್ದ ಕಣಕ್ಕಾ ನಿಮ್ಮ ಹುಡುಗ’ ಎಂದಳು. ಅಕ್ಕ ಅವಳನ್ನು ಕೂರಿಸಿ ಕಾಫಿ ಕೊಟ್ಟಳು. ಎಷ್ಟೋ ಹೊತ್ತು ಇಬ್ಬರೂ ಅವನ ತುಂಟಾಟಗಳನ್ನೇ ಮಾತಾಡಿದರು.

ಚಿತ್ರದಲ್ಲಿ ಬೆಕ್ಕಾ ಹುಡುಕಿಕೊಂಡು ಹೋಗುವುದು ಆ ಕಾರು ಓಡಿಸುತ್ತಿದ್ದ ಹುಡುಗ ಜೇಸನ್‌ನನ್ನು. ಪಾರ್ಕಿನ ಬೆಂಚಿನ ಮೇಲೆ ಅವನೊಡನೆ ಕೂತಾಗ ಸಿಗುವ ನಿರಾಳ ಅವಳಿಗೆ ಮನೆಯವರಲ್ಲೂ ಸಿಗುವುದಿಲ್ಲ. ಮಹಾಶ್ವೇತಾ ದೇವಿಯವರ ಕಾದಂಬರಿ ಆಧರಿಸಿ ಗೋವಿಂದ ನಿಹಲಾನಿ 1998ರಲ್ಲಿ ತೆಗೆದ ‘ಹಜಾರ್ ಚೌರಾಸಿ ಕಿ ಮಾ’ದಲ್ಲೂ ಇಂಥದೇ ಹುಡುಕಾಟವಿದೆ. ನಕ್ಸಲ್ ಚಳವಳಿಯ ದಿನಗಳ ಕಲ್ಕತ್ತೆಯಲ್ಲಿ ಮಗ ಬ್ರತಿ ಶವಾಗಾರದ 1084ನೇ ಹೆಣವಾಗಿದ್ದಾನೆ. ಜಯಾ ಬಚ್ಚನ್ ನಟಿಸಿದ ಸುಜಾತಾ, ಅವನೊಂದಿಗೇ ಸತ್ತ ಗೆಳೆಯ ಸೋಮುವಿನ ಬಡ ತಾಯಿಯ ಬಳಿ ಹೋಗಿ ಮಗನ ಕೊನೆಯ ಗಂಟೆಗಳನ್ನು ಕೇಳಿ ತಿಳಿಯುತ್ತಾಳೆ.

ಕೊನೆಯ ರಾತ್ರಿ ವಾರ್ಡಿನಲ್ಲಿದ್ದ ನರ್ಸನ್ನು ನೋಡಬೇಕೆಂದು ಅಕ್ಕ ಹಟ ಹಿಡಿದಾಗ ಮನೆಯವರೆಲ್ಲ ಬೇಡವೆಂದರು. ನಾನು ಅವಳ ಜೊತೆ ಹೋದೆ. ಮಗ ನೀರು ಕೇಳಿದ್ದನ್ನು, ಅಮ್ಮನೆಲ್ಲಿ ಎಂದು ವಿಚಾರಿಸಿದ್ದನ್ನು ಆ ಹೆಣ್ಣುಮಗಳು ಮರೆತಿರಲಿಲ್ಲ. ಅಕ್ಕ ಅತ್ತಳು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ವಯಸ್ಸಿಗೆ ಬಂದ ಮಗನನ್ನು ಕಳೆದುಕೊಂಡಿದ್ದ ಬೆಕ್ಕಾಳ ತಾಯಿ, ಈ ಭಾರ ಇಳಿಯುವುದಿಲ್ಲ, ಹೊರಲು ಆಗುವಷ್ಟಾಗುತ್ತದೆ ಎಂಬ ಅರ್ಥದ ಮಾತು ಹೇಳುತ್ತಾಳೆ. ಅಷ್ಟಾಗುವವರೆಗೆ ಜೊತೆಗೆ ಜನ ಬೇಕು. ಅದಕ್ಕೇ ಈಗ ಇಂಥ ಮನೆಗಳಿಗೆ ವೈಕುಂಠ ಸಮಾರಾಧನೆ ಮುಗಿದು ಶಾಮಿಯಾನ ಬಿಚ್ಚಿದ ಮೇಲೂ ಹೋಗುತ್ತೇನೆ. ಮಗುವಿನ ಹೆಸರು ಹಿಡಿದೇ ಮಾತಾಡುತ್ತೇನೆ, ಫೋಟೊ ತೋರಿಸ್ತೀರಾ ಎಂದು ಕೇಳುತ್ತೇನೆ. ಬೇಡವೆಂದರೆ ಸುಮ್ಮನೆ ಕೂತು, ಅಡುಗೆಮನೆಯಲ್ಲಿ ಕೆಲಸವಿದ್ದರೆ ಕೈ ಹಾಕಿ ಬರುತ್ತೇನೆ.