ಪೆಡಲ್ ಕಾರಿನ ಜಮಾ–ಖರ್ಚು

ಹರಾಜಿನಲ್ಲಿ ಸುತ್ತಿಗೆ ಬಿದ್ದದ್ದು 1,600 ಪೌಂಡಿಗೆ. ನಾನು ಕಟ್ಟಿದ್ದು 2,080. ಕೊಂಡವರಿಂದ ಹರಾಜು ಸಂಸ್ಥೆ ಹಿಡಿಯುವ ಶೇ 25ರ ಕಮಿಷನ್ 400, ಆ ಕಮಿಷನ್ನಿನ ಮೇಲೆ ಶೇ 20ರ ವ್ಯಾಟ್ 80. ದರಪಟ್ಟಿ ಓದಿಕೊಂಡೇ ಹೋಗಿದ್ದೆ. 1,600 ದಾಟಿದರೆ ಕೈ ಎತ್ತುವುದಿಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ.

ಕೊಂಡದ್ದು ಆಸ್ಟಿನ್ ಜೆ40, ಮಕ್ಕಳು ತುಳಿದು ಓಡಿಸುವ ಕಾರು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಸಾರ ಹೂಡಿದ ನನಗೆ ಇಲ್ಲಿನ ಲಾಂಗ್‌ಬ್ರಿಡ್ಜ್ ಆಸ್ಟಿನ್ ಕಾರ್ಖಾನೆಯ ಹೆಸರು ಹೊಸದಲ್ಲ. ಅಲ್ಲಿ ದೊಡ್ಡ ಕಾರುಗಳಿಗೆ ಕತ್ತರಿಸಿ ಉಳಿದ ಉಕ್ಕಿನ ತಗಡು ವೇಲ್ಸ್‌ನ ಬಾರ್ಗೋಡ್ ಊರಿಗೆ ಹೋಗುತ್ತಿತ್ತು. ಕಲ್ಲಿದ್ದಲ ಧೂಳು ಕುಡಿದು ಶ್ವಾಸಕೋಶ ಕೆಟ್ಟು, ಮತ್ತೆ ಗಣಿಗೆ ಇಳಿಯಲಾಗದ ಕಾರ್ಮಿಕರಿಗಾಗಿಯೇ 1949ರಲ್ಲಿ ಅಲ್ಲಿ ಕಾರ್ಖಾನೆ ತೆರೆದರು. 1971ರವರೆಗೆ ಅವರ ಕೈಯಲ್ಲಿ ಸುಮಾರು 32 ಸಾವಿರ ಜೆ40ಗಳು ತಯಾರಾದವು. ಬಾನೆಟ್ ಎತ್ತಿದರೆ ಒಳಗೆ ಸುಳ್ಳು ಎಂಜಿನ್, ಅದಕ್ಕೆ ಪ್ಲಗ್ಗು, ವೈರು. ಹೆಡ್‌ಲೈಟ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಉಸಿರಿಗೆ ಕಷ್ಟಪಡುತ್ತಿದ್ದವರು ಮಕ್ಕಳ ಆಟಿಕೆಗೆ ಇಷ್ಟು ಶ್ರದ್ಧೆ ಸುರಿದಿದ್ದಾರಲ್ಲ, ಆ ಕಾರಣಕ್ಕೇ ನನಗೆ ಈ ಕಾರು ಬೇಕಾಗಿತ್ತು.

ಆದರೂ ಲೆಕ್ಕ ಲೆಕ್ಕವೇ. ನಾಳೆ ಇದನ್ನೇ ಹರಾಜಿಗಿಟ್ಟರೆ ಮಾರುವವನ ಕಮಿಷನ್ ಶೇ 15, ವ್ಯಾಟ್ ಸೇರಿ ಶೇ 18 ಕಡಿತ. ನನ್ನ 2,080 ವಾಪಸ್ಸು ಬರಬೇಕಾದರೆ ಕೂಗು ಸುಮಾರು 2,540ಕ್ಕೆ ಏರಬೇಕು. ಅಂದರೆ ಬೆಲೆ ಶೇ 58ಕ್ಕಿಂತ ಹೆಚ್ಚು ಏರಿದರೆ ಮಾತ್ರ ಅಸಲು ಕೈಗೆ ಬರುತ್ತದೆ. ಅಲ್ಲಿಯವರೆಗೆ ಬಡ್ಡಿಯಿಲ್ಲ, ಡಿವಿಡೆಂಡ್ ಇಲ್ಲ, ಗ್ಯಾರೇಜಿನಲ್ಲಿ ಐದಡಿ ಜಾಗ ಬೇಕು. ಹಾಗಾಗಿ ಇದನ್ನು ಹೂಡಿಕೆಯ ಪಟ್ಟಿಗೆ ಸೇರಿಸಿಲ್ಲ. ಪ್ರವಾಸಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಕೊಂಡೆ, ಮಕ್ಕಳ ಓದಿನ ಹಣ ಮುಟ್ಟಲಿಲ್ಲ. ತೆರಿಗೆಯಲ್ಲಿ ಒಂದು ಅನುಕೂಲವಿದೆ: ಬ್ರಿಟನ್ನಿನಲ್ಲಿ ಇಂಥ ಸ್ವಂತ ಬಳಕೆಯ ವಸ್ತು 6,000 ಪೌಂಡಿನೊಳಗೆ ಮಾರಾಟವಾದರೆ ಬಂಡವಾಳ ಲಾಭ ತೆರಿಗೆ ಬೀಳುವುದಿಲ್ಲ.

ಟಿಂಕರಿಂಗ್, ಪೇಂಟಿಂಗ್, ಕ್ರೋಮ್ ಎಲ್ಲ ಸೇರಿ ಹೊಸದರಂತೆ ಮಾಡಿಕೊಡಲು ಒಬ್ಬರು 1,800 ಕೇಳಿದರು. ಒಪ್ಪಿದ್ದರೆ ಅಸಲು ಹುಟ್ಟಲು ಕೂಗು 4,700 ದಾಟಬೇಕಿತ್ತು. ಹಣ ಒತ್ತಟ್ಟಿಗಿರಲಿ, ಮಕ್ಕಳು ಹತ್ತಿ ಇಳಿದು ಪಕ್ಕದ ಅಂಚಿನಲ್ಲಿ ನೀಲಿ ಬಣ್ಣ ಸವೆದು ಒಳಗಿನ ಉಕ್ಕು ಕಾಣುತ್ತಿದೆ. ಅದನ್ನು ಉಜ್ಜಿ ಅಳಿಸಲು ನನಗೆ ಮನಸ್ಸಿಲ್ಲ. ಟಯರು, ಟ್ಯೂಬು, ಲೈಟಿನ ವೈರಿಂಗ್ ಮಾತ್ರ ಹೊಸದು ಹಾಕಿಸಿದೆ. ಮನೆಯ ವಿಮೆಯಲ್ಲಿ ಕಾರನ್ನು ಬೇರೆಯಾಗಿ ನಮೂದಿಸಿದ್ದೇನೆ.

ನೀವೂ ಒಂದನ್ನು ಕೊಳ್ಳುವುದಾದರೆ ಹರಾಜಿಗೆ ಮುಂಚಿನ ದಿನವೇ ಹೋಗಿ, ಕೇಳಿಕೊಂಡು ಕಾರನ್ನು ಓರೆ ಮಾಡಿಸಿ ತಳ ನೋಡಿ. ತುಕ್ಕು ಮೊದಲು ತಿನ್ನುವುದು ಅಲ್ಲೇ. ಪೆಡಲ್ ಇದೆಯೇ ಎಂಬುದನ್ನೂ ನೋಡಿ: ಬಹಳಷ್ಟು ಜೆ40ಗಳು ಇಲ್ಲಿನ ಜಾತ್ರೆಗಳ ಮೆರ್ರಿ-ಗೋ-ರೌಂಡ್‌ಗಳಲ್ಲಿ ಸುತ್ತಿದವು, ಅಂಥವುಗಳ ಪೆಡಲ್ ಬಿಚ್ಚಿ ತೆಗೆದಿರುವುದು ಸಾಮಾನ್ಯ. ಹೊಸದಾಗಿ ತಯಾರಾದ ಬಿಡಿಭಾಗಗಳು ಸಿಗುತ್ತವೆ. ಅವುಗಳ ಬೆಲೆ ವಿಚಾರಿಸಿ, ನಿಮ್ಮ ಕೂಗಿನಿಂದ ಅಷ್ಟನ್ನು ಮೊದಲೇ ಕಳೆದುಬಿಡಿ.